ಬಾಗಿಲು ಒಡೆಸುವ ಮೊದಲು

ಬೆಟಗೇರಿಯ ಸಹೋದರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಸಂಕಟವಾಯಿತು. ಸಾಲ ಮಾಡಿ ಕಟ್ಟಿಸಿದ ಹೊಸ ಮನೆ. ಮಲಗುವ ಕೋಣೆಯ ಗೋಡೆ ಬಿರುಕು ಬಿಟ್ಟಿದೆ, ರಾತ್ರಿ ನಿದ್ದೆ ಇಲ್ಲ, ಯಜಮಾನರಿಗೂ ನಿಮಗೂ ಮಾತಿಗೆ ಮಾತು ಬೆಳೆಯುತ್ತಿದೆ. ಫೆಂಗ್ ಶೂಯಿ ಬಲ್ಲವರೊಬ್ಬರು ಬಂದು, ಮುಂಬಾಗಿಲೂ ಹಿತ್ತಲ ಬಾಗಿಲೂ ಒಂದೇ ಸಾಲಿನಲ್ಲಿವೆ, ಮನೆಯ ಶಕ್ತಿಯೆಲ್ಲ ಹೊರಗೆ ಹೋಗುತ್ತಿದೆ, ಮುಂಬಾಗಿಲು ಒಡೆದು ಬೇರೆ ಕಡೆ ಇಡಿ ಎಂದಿದ್ದಾರೆ. ಅತ್ತೆಯವರದು ವಾಸ್ತು. ಯಾರ ಮಾತು ಕೇಳಲಿ ಎಂದು ಬರೆದಿದ್ದೀರಿ.

ದಯವಿಟ್ಟು ಬಾಗಿಲು ಒಡೆಸಬೇಡಿ.

ಫೆಂಗ್ ಶೂಯಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚೀನಾದಲ್ಲಿ ಮನೆಗೆ, ಗೋರಿಗೆ ಜಾಗ ಹುಡುಕುತ್ತಾ ಬೆಳೆದ ವಿದ್ಯೆ ಅದು. ಮನೆಯ ಬೆನ್ನಿಗೆ ಗುಡ್ಡ ಇರಲಿ, ಮುಖ ದಕ್ಷಿಣಕ್ಕಿರಲಿ ಎನ್ನುತ್ತದೆ. ಅಲ್ಲಿ ಚಳಿಗಾಲದಲ್ಲಿ ಉತ್ತರದಿಂದ ಕೊರೆಯುವ ಗಾಳಿ ಬೀಸುತ್ತದೆ, ಬೆಚ್ಚಗಿನ ಬಿಸಿಲು ದಕ್ಷಿಣದಿಂದ ಬರುತ್ತದೆ. ಆ ನೆಲಕ್ಕೆ ಅದು ಸರಿಯಾದ ಮಾತು. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮದಿಂದ ನುಗ್ಗುತ್ತದೆ. ನಮ್ಮ ಗದಗ ಸೀಮೆಯ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ತಲಬಾಗಿಲಲ್ಲಿ ನಿಂತರೆ ಪಡಸಾಲೆ ದಾಟಿ ಹಿತ್ತಲು ಕಾಣುತ್ತದೆ, ಅಲ್ವಾ? ಬೇಸಿಗೆಯಲ್ಲಿ ಆ ಗಾಳಿಯೇ ಜೀವ. ಆದರೂ ಮನಸ್ಸು ತಡೆಯದಿದ್ದರೆ ನಡುವೆ ಒಂದು ಪರದೆ ಕಟ್ಟಿ. ಫೆಂಗ್ ಶೂಯಿಯಲ್ಲೂ ಆ ಪರಿಹಾರ ಇದೆ.

ನನ್ನನ್ನು ಹೆಚ್ಚು ಕಾಡಿದ್ದು ಬಿರುಕು. ನಿಮ್ಮ ಲೇಔಟ್ ಮೊದಲು ಎರೆಹೊಲ, ಅಂದರೆ ಕಪ್ಪುಮಣ್ಣಿನ ಹೊಲ, ಆಗಿತ್ತು ಎಂದು ಬರೆದಿದ್ದೀರಿ. ಎರೆಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಬುನಾದಿ ಗಟ್ಟಿ ನೆಲ ಮುಟ್ಟದಿದ್ದರೆ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಆಗ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಇಂಥ ಜಾಗದಲ್ಲಿ ಎರೆ ತೆಗೆದು ಗರಸು ತುಂಬಿ ಗಟ್ಟಿಯಾಗಿ ಬಡಿದು ಬುನಾದಿ ಹಾಕುತ್ತಾರೆ. ಬಿರುಕು ಮುಚ್ಚಲು ತೂಗುಹಾಕಿದ ಕನ್ನಡಿ ಇವತ್ತೇ ತೆಗೆಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕು ಗೆರೆ ದಾಟಿದರೆ ತಡ ಮಾಡದೆ ಸಿವಿಲ್ ಇಂಜಿನಿಯರ್‌ಗೆ ತೋರಿಸಿ. ಮಾಳಿಗೆಯ ಮಳೆನೀರು ಗೋಡೆಯ ಬುಡಕ್ಕೆ ಬೀಳದಂತೆ ಪೈಪ್ ದೂರಕ್ಕೆ ಒಯ್ಯಿಸಿ. ಹೀಗೆ ಅಲುಗಾಡುವ ಮನೆಯ ಗೋಡೆಯಲ್ಲಿ ಹೊಸ ಬಾಗಿಲು ಕೊರೆಸುವುದು ಅಪಾಯ.

ನಿದ್ದೆಯ ಮಾತು. ನಿಮ್ಮ ಕೋಣೆ ಪಶ್ಚಿಮಕ್ಕಿದೆ. ರಾತ್ರಿ ಹತ್ತಕ್ಕೆ ಆ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಸಂಜೆಯ ಬಿಸಿಲೆಲ್ಲ ಅದರೊಳಗೇ ಇರುತ್ತದೆ. ಬೇಸಿಗೆಗೆ ಪೂರ್ವದ ಕೋಣೆಯಲ್ಲಿ ಮಲಗಿ, ಮಾಳಿಗೆಗೆ ಸುಣ್ಣ ಬಳಿಸಿ. ಹಾಸಿಗೆಯಿಂದ ಬಾಗಿಲು ಕಾಣಬೇಕು, ಹಾಸಿಗೆಗೆ ಎದುರಾಗಿ ಕನ್ನಡಿ ಇರಬಾರದು ಎಂಬ ಫೆಂಗ್ ಶೂಯಿ ಮಾತನ್ನೂ ಪಾಲಿಸಿ ನೋಡಿ. ಖರ್ಚಿಲ್ಲ.

ನಿಂತ ನೀರು ಮನೆಗೆ ಒಳ್ಳೆಯದಲ್ಲ ಎನ್ನುವ ಫೆಂಗ್ ಶೂಯಿ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ನಳ ಬಂದಾಗ ತುಂಬಿಟ್ಟ ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ವಾರಕ್ಕೊಮ್ಮೆ ಒಳಗೆ ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆ ಬೆಳೆಯುವುದು ಅಲ್ಲೇ. ಇನ್ನು ದುಡ್ಡು ಕೊಟ್ಟು ತಂದ ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ, ಆಫ್ರಿಕಾ ಮೂಲದ ಗಿಡ. ಚೆಂದ ಇದ್ದರೆ ಇರಲಿ.

ಅತ್ತೆಯವರ ಜೊತೆ ವಾದ ಬೇಡ. ವಾಸ್ತುವಿನಲ್ಲಿ ಆಗ್ನೇಯ ಬೆಂಕಿಯ ಮೂಲೆ. ಫೆಂಗ್ ಶೂಯಿಯಲ್ಲಿ ಅದು ಮರದ ಮೂಲೆ, ಬೆಂಕಿ ದಕ್ಷಿಣಕ್ಕೆ. ಎರಡನ್ನೂ ಒಂದೇ ಮನೆಯಲ್ಲಿ ಪೂರ್ತಿ ಪಾಲಿಸಲು ಹೋದರೆ ಜಗಳ ನಿಲ್ಲುವುದಿಲ್ಲ. ಒಲೆ ಈಗಿರುವ ಕಡೆಯೇ ಅವರಿಗೆ ಸಮಾಧಾನ ಇದ್ದರೆ ಅಲ್ಲೇ ಇರಲಿ. ಯಜಮಾನರನ್ನು ಕೂರಿಸಿಕೊಂಡು ಸಾಲದ ಲೆಕ್ಕ ಮಾತಾಡಿ. ಬಾಗಿಲಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಇಂಜಿನಿಯರ್ ಫೀ ಕೊಡಿ. ಉಳಿದರೆ ಪಶ್ಚಿಮದ ಕಿಟಕಿಗೆ ಸಜ್ಜಾ ಹಾಕಿಸಿ.