ಉತ್ತರ: ಸಿಲ್ಬರಿ ಹತ್ತಬೇಡಿ, ಏವ್‌ಬರಿಗೆ ಅರ್ಧ ದಿನ ಇಡಿ

ಸರ್, ಇಂಗ್ಲೆಂಡ್ ಪ್ರವಾಸದಲ್ಲಿ ಸ್ಟೋನ್‌ಹೆಂಜ್ ಮುಗಿಸಿ ಸಂಜೆ ಒಂದು ಗಂಟೆ ಏವ್‌ಬರಿ, ಕೊನೆಗೆ ಸಿಲ್ಬರಿ ಹತ್ತಿ ಫೋಟೋ ಅಂತ ಬರೆದಿದ್ದೀರಿ. ದಯವಿಟ್ಟು ಬದಲಾಯಿಸಿ. ಈ ಗುಂಪಿನಲ್ಲಿ ಎಷ್ಟು ಜನ ಇದೇ ಪ್ಲಾನ್ ಹಾಕುತ್ತಾರೋ!

ಸಿಲ್ಬರಿ ಹತ್ತುವುದಕ್ಕೆ ನಿಷೇಧ ಇದೆ. ಬೇಲಿ ದಾಟಿದವರ ಫೋಟೋ ನೋಡಿ ಮರುಳಾಗಬೇಡಿ. ಅದು ಗುಡ್ಡವೇ ಅಲ್ಲ, ಕ್ರಿ.ಪೂ. 2400ರ ಸುಮಾರಿಗೆ ಜನ ಚಾಕ್ ಕಲ್ಲು, ಮಣ್ಣು ಹೊತ್ತು ಹಾಕಿ ಎಬ್ಬಿಸಿದ ದಿಬ್ಬ. 1776ರಲ್ಲಿ ನೆತ್ತಿಯಿಂದ ಬಾವಿ ತೋಡಿದರು. 1849ರಲ್ಲಿ ಪಕ್ಕದಿಂದ ಸುರಂಗ. 1968ರಲ್ಲಿ ಇನ್ನೊಂದು. ಗೋರಿಯೂ ಸಿಗಲಿಲ್ಲ, ನಿಧಿಯೂ ಸಿಗಲಿಲ್ಲ. ತೋಡಿದ್ದನ್ನು ಸರಿಯಾಗಿ ತುಂಬಲೂ ಇಲ್ಲ. 2000ದಲ್ಲಿ ನೆತ್ತಿಯೇ ಕುಸಿದು ಗುಂಡಿ ಬಿತ್ತು! ಆಮೇಲೆ 2007-08ರಲ್ಲಿ ಒಳಗೆ ಚಾಕ್ ತುಂಬಿ ಭದ್ರ ಮಾಡಿದರು. ಇಷ್ಟಾದ ಮೇಲೂ ಅದರ ಮೇಲೆ ಕಾಲಿಡಬೇಕಾ? ಕೆಳಗಿನಿಂದಲೇ ಪೂರ್ತಿ ಕಾಣುತ್ತದೆ.

ನಾನು ಹೋಗುವ ಕ್ರಮ ಬೇರೆ. ಬೆಳಿಗ್ಗೆಯೇ ಏವ್‌ಬರಿಯಲ್ಲಿ ಕಾರು ನಿಲ್ಲಿಸಿ, ಹೊಲದ ದಾರಿಯಲ್ಲಿ ಸಿಲ್ಬರಿ ಪಕ್ಕದಿಂದ ನಡೆದು ವೆಸ್ಟ್ ಕೆನೆಟ್ ಸಮಾಧಿಗೆ. ಎ4 ರಸ್ತೆ ದಾಟುವಾಗ ಮಕ್ಕಳ ಕೈ ಬಿಡಬೇಡಿ, ಗಾಡಿಗಳು ಜೋರಾಗಿ ಬರುತ್ತವೆ. ಸಮಾಧಿ ಸುಮಾರು ಕ್ರಿ.ಪೂ. 3650ರದ್ದು, 100 ಮೀಟರ್ ಉದ್ದ. ಕಲ್ಲಿನ ಕೋಣೆಗಳ ಒಳಗೇ ಹೋಗಬಹುದು. ಟಾರ್ಚ್ ಇರಲಿ. ದೀಪ, ಮೇಣದಬತ್ತಿ ಮಾತ್ರ ಹಚ್ಚಬೇಡಿ, ಬಿಸಿಗೆ ಕಲ್ಲು ಹಾಳಾಗುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ಏರು ಬೇಡ, ಅವರು ಏವ್‌ಬರಿ ಊರಲ್ಲೇ ಆರಾಮಾಗಿ ಕೂರಲಿ.

ಮಧ್ಯಾಹ್ನ ಏವ್‌ಬರಿಗೆ ಮರಳಿ, ಅಲ್ಲಿ ಪ್ರಾಚೀನ ಕಾಲದಲ್ಲಿ ನಿಲ್ಲಿಸಿದ ಕಲ್ಲುಗಳ ವೃತ್ತ. ಟಿಕೆಟ್ ಇಲ್ಲ. ಊರು, ಪಬ್ಬು ಎಲ್ಲ ವೃತ್ತದ ಒಳಗೇ ಇವೆ. ಕಲ್ಲು ಮುಟ್ಟಬಹುದು, ಹತ್ತಬೇಡಿ. ಹಿಂದೆ ಇವನ್ನು ಬೆಂಕಿಯಲ್ಲಿ ಕಾಯಿಸಿ, ನೀರು ಹಾಕಿ ಸೀಳಿ ಮನೆ ಕಟ್ಟಿಕೊಂಡವರಿದ್ದರು. ಬಿದ್ದು, ಹೂತು ಹೋಗಿದ್ದವುಗಳಲ್ಲಿ ಹಲವನ್ನು 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಮತ್ತೆ ಎತ್ತಿ ನಿಲ್ಲಿಸಿದ. ಮಾರ್ಮಲೇಡ್ (ಕಿತ್ತಳೆ ಜಾಮ್) ಮಾರಿ ದುಡ್ಡು ಮಾಡಿದ ಮನೆತನದವನು. ಅವನ ಹೆಸರಿನ ಮ್ಯೂಸಿಯಂ ಅಲ್ಲೇ ಇದೆ, ಬಿಡಬೇಡಿ. ನಮ್ಮ ಸುರಪುರದ ಸುತ್ತ ಕಲ್ಲಿನ ಸಮಾಧಿಗಳನ್ನು ಗುರುತಿಸಿ ಬರೆದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕೂಡ ಅವನ್ನು ಇಂಗ್ಲೆಂಡಿನ ಇಂಥವಕ್ಕೆ ಹೋಲಿಸಿದ್ದ. ಕಲಬುರಗಿ, ಯಾದಗಿರಿ ಕಡೆಯವರಿಗೆ ಇದು ಇನ್ನೂ ಹತ್ತಿರ ಅನ್ನಿಸುತ್ತದೆ.

ಶೂ ವಿಷಯ: ಬಿಳಿ ಸ್ನೀಕರ್ ಬೇಡವೇ ಬೇಡ. ಚಳಿಗಾಲದಲ್ಲಿ ಆ ದಾರಿಯಲ್ಲಿ ನೀರು ನಿಲ್ಲುತ್ತದೆ. ದುಬಾರಿ ಬ್ರ್ಯಾಂಡ್ ಬೇಕಿಲ್ಲ, ಡೆಕಥ್ಲಾನ್‌ನ ವಾಟರ್‌ಪ್ರೂಫ್ ಶೂ ಸಾಕು. ಕಾಲುದಾರಿಗೆ ಗೂಗಲ್ ಮ್ಯಾಪ್ಸ್ ನಂಬಬೇಡಿ, ಬ್ರಿಟನ್ನಿನ ಸರ್ವೆ ಸಂಸ್ಥೆಯ ಓಎಸ್ ಮ್ಯಾಪ್ಸ್ ಆ್ಯಪ್ ಹಾಕಿಕೊಳ್ಳಿ. ಪರಂಪರೆ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನ ಸದಸ್ಯತ್ವ ಕಾರ್ಡ್ ಇದ್ದರೆ ಏವ್‌ಬರಿ ಪಾರ್ಕಿಂಗ್ ಫ್ರೀ. ಕಾರಿಲ್ಲದವರು ಸ್ವಿಂಡನ್‌ವರೆಗೆ ರೈಲು, ಅಲ್ಲಿಂದ 49ನೇ ಬಸ್. ಭಾನುವಾರ ಬಸ್ ಕಡಿಮೆ, ವಾಪಸ್ ಸಮಯ ಮೊದಲೇ ನೋಡಿಕೊಳ್ಳಿ.

ಸ್ಟೋನ್‌ಹೆಂಜ್ ಇನ್ನೊಂದು ದಿನಕ್ಕಿರಲಿ.