ಡಬ್ಬಿ ಬದಲಾಯಿತು, ರೋಗ ಬಗ್ಗಲಿಲ್ಲ: ಹುಲ್ಲುಹಾಸಿನ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಹಿಂದೆ ಸರಿದು ಇಬ್ಬನಿ ಶುರುವಾಗುವ ಹೊತ್ತಿಗೆ ಹುಲ್ಲುಹಾಸಿನ ಪತ್ರಗಳು ಬರತೊಡಗುತ್ತವೆ. ಈ ಸಲದವುಗಳಲ್ಲಿ ಹೆಚ್ಚಿನವರ ದೂರು ಒಂದೇ: ‘ಔಷಧಿ ಹಿಡಿಯುತ್ತಿಲ್ಲ’. ಅಂಥವನ್ನೆಲ್ಲ ಒಟ್ಟಿಗೆ ಇಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮುಂದೆ 2,000 ಚದರ ಅಡಿ ಗರಿಕೆ ಹುಲ್ಲುಹಾಸಿದೆ. ಎರಡು ವರ್ಷದಿಂದ ನಾಣ್ಯದಗಲದ ಒಣ ಮಚ್ಚೆಗಳು ಬೀಳುತ್ತಿವೆ. ಮೊದಲು ಬಾವಿಸ್ಟಿನ್ ಹೊಡೆದರೆ ಹೋಗುತ್ತಿತ್ತು. ಆಮೇಲೆ ಸಾಫ್, ಈಗ ರೋಕೋ. ಯಾವುದೂ ನಾಟುತ್ತಿಲ್ಲ. ಕಲಬೆರಕೆ ಮಾಲು ಇರಬಹುದೇ? (ಓದುಗರು, ಬೆಂಗಳೂರು)

ಉತ್ತರ: ಕಲಬೆರಕೆಯ ಅನುಮಾನ ಸದ್ಯಕ್ಕೆ ಬದಿಗಿಡಿ. ನಾಣ್ಯದಗಲದ ಮಚ್ಚೆ ಎಂದರೆ ಡಾಲರ್ ಸ್ಪಾಟ್ ಎಂಬ ಶಿಲೀಂಧ್ರ ರೋಗ ಇರಬಹುದು. ಬಾವಿಸ್ಟಿನ್ ಎಂದರೆ ಶೇ. 50 ಕಾರ್ಬೆಂಡಜಿಮ್. ಸಾಫ್‌ನಲ್ಲಿರುವುದು ಶೇ. 12 ಕಾರ್ಬೆಂಡಜಿಮ್ ಮತ್ತು ಶೇ. 63 ಮ್ಯಾಂಕೋಜೆಬ್. ರೋಕೋದಲ್ಲಿರುವ ಥಯೋಫನೇಟ್ ಮೀಥೈಲ್ ಗಿಡದೊಳಗೆ ಹೋದ ಮೇಲೆ ಕಾರ್ಬೆಂಡಜಿಮ್ ಆಗಿಯೇ ಮಾರ್ಪಡುತ್ತದೆ. ಮೂರು ಡಬ್ಬಿ, ಮೂರು ಬೆಲೆ, ಒಳಗಿನ ಅಸ್ತ್ರ ಮಾತ್ರ ಒಂದೇ.

ಈ ಔಷಧಿ ಶಿಲೀಂಧ್ರದ ಜೀವಕೋಶದಲ್ಲಿ ಟ್ಯುಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ. ಆ ಪ್ರೋಟೀನಿನ 198ನೇ ಜಾಗದ ಒಂದು ಅಮೈನೊ ಆಮ್ಲ ಬದಲಾದರೂ ಸಾಕು, ಔಷಧಿಗೆ ಅಂಟುವ ಜಾಗವೇ ಇಲ್ಲವಾಗುತ್ತದೆ. ಇಂಥ ಬದಲಾವಣೆಯನ್ನು ಔಷಧಿ ಹುಟ್ಟಿಸುವುದಿಲ್ಲ. ಕೋಟಿಗೊಂದರಂತೆ ಅದು ಮೊದಲೇ ಹುಲ್ಲಿನಲ್ಲಿರುತ್ತದೆ. ನೀವು ಒಂದೇ ಔಷಧಿ ಹೊಡೆದಾಗಲೆಲ್ಲ ಉಳಿದವು ಸತ್ತು ಅದಕ್ಕೆ ಜಾಗ ಸಿಗುತ್ತದೆ. ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಕಾರ್ಬೆಂಡಜಿಮ್‌ನ ಅಣ್ಣನಂತಿದ್ದ ಬೆನೊಮಿಲ್‌ಗೆ 1970ರ ದಶಕದಲ್ಲೇ ಹೀಗಾಯಿತು. ಅದಕ್ಕೂ ಮೊದಲು ಕ್ಯಾಡ್ಮಿಯಂ, ಪಾದರಸದ ಔಷಧಿಗಳಿಗೂ ಇದೇ ರೋಗ ಒಗ್ಗಿಕೊಂಡಿತ್ತು.

ನಿಮ್ಮದು ಡಾಲರ್ ಸ್ಪಾಟ್ ಹೌದೇ ಎಂದು ಮೊದಲು ಖಚಿತಮಾಡಿಕೊಳ್ಳಿ. ಬೆಳಗ್ಗೆ ಬಿಸಿಲೇರುವ ಮುನ್ನ ಮಚ್ಚೆಯ ಪಕ್ಕ ಮಂಡಿಯೂರಿ ನೋಡಿ. ಒಣಗಿದ ನಡುಭಾಗದಲ್ಲಿ ಏನೂ ಸಿಗುವುದಿಲ್ಲ, ಅಂಚಿನ ಎಲೆಗಳನ್ನು ಕಿತ್ತು ಬೆಳಕಿಗೆ ಹಿಡಿಯಬೇಕು. ಎಲೆಗೆ ಅಡ್ಡಲಾಗಿ ಒಣಹುಲ್ಲಿನ ಬಣ್ಣದ ಪಟ್ಟೆ, ನಡುವೆ ಡಮರುವಿನಂತೆ ಸೊಂಟ ಸಣ್ಣಗಾಗಿ, ಎರಡೂ ಕಡೆ ಕೆಂಗಂದು ಗೆರೆ ಇದ್ದರೆ ಅದೇ. ಇಬ್ಬನಿಯ ಜತೆ ಹತ್ತಿಯಂಥ ಬಿಳಿ ಎಳೆಯೂ ಕಾಣಬಹುದು. ಜೇಡರ ಬಲೆ ಎಲೆಗಳ ಮೇಲೆ ಚಪ್ಪಟೆಯಾಗಿ ಹರಡಿರುತ್ತದೆ, ಇದು ಎಲೆಗಳ ನಡುವೆ ಉಬ್ಬಿಕೊಂಡಿರುತ್ತದೆ. ಬಿಸಿಲು ಬಿದ್ದರೆ ಮಾಯ.

ಈಗ ಮಾಡಬೇಕಾದದ್ದು. ಕಾರ್ಬೆಂಡಜಿಮ್ ಇರುವ ಎಲ್ಲ ಡಬ್ಬಿಗಳನ್ನೂ ಈ ರೋಗದ ಮಟ್ಟಿಗೆ ಮರೆತುಬಿಡಿ, ಮುಂದಿನ ವರ್ಷವೂ. ಈ ಬಗೆಯ ಒಗ್ಗಿಕೆ ಔಷಧಿ ನಿಲ್ಲಿಸಿದ ಮಾತ್ರಕ್ಕೆ ಬೇಗ ಇಳಿಯುವುದಿಲ್ಲ. ಸಾಫ್‌ನಲ್ಲಿ ಮ್ಯಾಂಕೋಜೆಬ್ ಇದೆಯಲ್ಲ ಎಂದು ಕೇಳಬಹುದು. ಕಾರ್ಬೆಂಡಜಿಮ್ ಸತ್ತ ಕಡೆ ಆ ಮಿಶ್ರಣದಲ್ಲಿ ದುಡಿಯುವುದು ಮ್ಯಾಂಕೋಜೆಬ್ ಒಂದೇ. ಜತೆಗಾರನಿಗೆಂದು ಕೊಟ್ಟ ದುಡ್ಡು ನೀರುಪಾಲು. ಒಂದು ಸಲ ಪ್ರೊಪಿಕೊನಜೋಲ್ ಜತೆ ಕ್ಲೋರೋಥಲೋನಿಲ್, 14ರಿಂದ 21 ದಿನ ಬಿಟ್ಟು ಕ್ಲೋರೋಥಲೋನಿಲ್ ಅಥವಾ ಮ್ಯಾಂಕೋಜೆಬ್ ಒಂದನ್ನೇ ಹೊಡೆಯಿರಿ. ಕಡು ಬೇಸಿಗೆಯಲ್ಲಿ ಗರಿಕೆಗೆ ಪ್ರೊಪಿಕೊನಜೋಲ್ ಪದೇ ಪದೇ ಬೇಡ. ಬೆಳವಣಿಗೆ ಕುಂಠಿತವಾಗಿ ಹುಲ್ಲು ನೀಲಿ ಛಾಯೆಗೆ ತಿರುಗುತ್ತದೆ.

ಜತೆಗೆ ಗೊಬ್ಬರ. ಹಸಿದ ಹುಲ್ಲಿಗೆ ಡಾಲರ್ ಸ್ಪಾಟ್ ಬೇಗ ಬೀಳುತ್ತದೆ. ನಿಮ್ಮ 2,000 ಚದರ ಅಡಿಗೆ 1 ಕಿಲೊ ಯೂರಿಯಾ ಹಾಕಿದರೆ ಚದರ ಮೀಟರಿಗೆ ಸುಮಾರು 2.5 ಗ್ರಾಂ ಸಾರಜನಕ ಸಿಗುತ್ತದೆ. ಹುಲ್ಲು ಚಿಗುರುವ ಕಾಲದಲ್ಲಿ ತಿಂಗಳಿಗೊಮ್ಮೆ ಇಷ್ಟು ಸಾಕು. ಎಲೆ ಒಣಗಿದ್ದಾಗ ಎರಚಿ, ಕೂಡಲೇ ನೀರು ಬಿಡಿ. ಒದ್ದೆ ಎಲೆಯ ಮೇಲೆ ಯೂರಿಯಾ ನಿಂತರೆ ಸುಟ್ಟ ಚುಕ್ಕೆ ಬೀಳುತ್ತದೆ, ಆಮೇಲೆ ಅದನ್ನೂ ರೋಗವೆಂದು ಔಷಧಿ ಹೊಡೆಯುವವರಿದ್ದಾರೆ.

ಪ್ರಶ್ನೆ: ಹಿಡಿಯದಿದ್ದರೆ ಪ್ರಮಾಣ ದುಪ್ಪಟ್ಟು ಮಾಡಿ ಎಂದು ಅಂಗಡಿಯವರು ಹೇಳುತ್ತಾರೆ. ಮಾಡಬಹುದೇ? (ಓದುಗರು, ತುಮಕೂರು)

ಉತ್ತರ: ಬೇಡ. ಕಾರ್ಬೆಂಡಜಿಮ್, ಅಜಾಕ್ಸಿಸ್ಟ್ರೋಬಿನ್‌ಗಳಿಗೆ ಪೂರ್ತಿ ಒಗ್ಗಿದ ಶಿಲೀಂಧ್ರ ಹತ್ತುಪಟ್ಟು ಹಾಕಿದರೂ ಬದುಕುತ್ತದೆ. ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳ ಕಥೆ ಬೇರೆ. ಅಲ್ಲಿ ಒಗ್ಗಿಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 21 ದಿನ ತಡೆಯುತ್ತಿದ್ದದ್ದು 14ಕ್ಕೆ, ಆಮೇಲೆ 10ಕ್ಕೆ ಇಳಿಯುವುದೇ ಮುನ್ಸೂಚನೆ. ಇಲ್ಲಿ ಕಡಿಮೆ ಪ್ರಮಾಣ ಹೊಡೆಯುವುದೇ ದೊಡ್ಡ ತಪ್ಪು, ಏಕೆಂದರೆ ಅರೆಬರೆ ತಡೆದುಕೊಳ್ಳುವ ತಳಿಗಳು ಉಳಿದು ಸಂಸಾರ ಬೆಳೆಸುತ್ತವೆ.

ಕಡಿಮೆ ಬೀಳುವುದು ಹೆಚ್ಚಾಗಿ ಗೊತ್ತಿಲ್ಲದೆಯೇ. ‘ಲೀಟರಿಗೆ ಇಷ್ಟು’ ಎಂದು ಸರಿಯಾಗಿ ಕಲಸಿ, ಒಂದು ಟ್ಯಾಂಕನ್ನು 5,000 ಚದರ ಅಡಿಗೆ ಎಳೆದರೆ ಪ್ರಮಾಣ ತಾನೇ ಅರ್ಧಕ್ಕಿಂತ ಕೆಳಗೆ ಹೋಯಿತು. ಎಲೆರೋಗಕ್ಕೆ ಚದರ ಮೀಟರಿಗೆ ಸುಮಾರು 80 ಮಿ.ಲೀ. ದ್ರಾವಣ ಬೀಳಬೇಕು. ಅಂದರೆ 2,000 ಚದರ ಅಡಿಗೆ 15 ಲೀಟರ್, ಬೆನ್ನಿಗೆ ಹಾಕುವ 16 ಲೀಟರ್ ಪಂಪಿನ ಒಂದು ತುಂಬು. ಲೇಬಲ್ಲಿನಲ್ಲಿ ಎಕರೆ ಲೆಕ್ಕವಿದ್ದರೆ ಅದನ್ನೇ ಹಿಡಿಯಿರಿ. ಎಕರೆಗೆ 43,560 ಚದರ ಅಡಿ. ಎಕರೆಗೆ 200 ಮಿ.ಲೀ. ಎಂದಿದ್ದರೆ 2,000 ಚದರ ಅಡಿಗೆ 9 ಮಿ.ಲೀ. ಚಿಲ್ಲರೆ ಬರುತ್ತದೆ. ನಿಮ್ಮ ಕೈಯ ಅಳತೆ ತಿಳಿಯಲು ಬರೀ ನೀರು 5 ಲೀಟರ್ ತುಂಬಿ, ಎಂದಿನ ನಡಿಗೆಯಲ್ಲಿ ಹೊಡೆದು, ನೆನೆದ ಜಾಗವನ್ನು ಟೇಪಿನಿಂದ ಅಳೆಯಿರಿ. 650ರಿಂದ 700 ಚದರ ಅಡಿ ಬಂದರೆ ಸರಿ. 1,000 ದಾಟಿದರೆ ನಡಿಗೆ ನಿಧಾನ ಮಾಡಿ ಅಥವಾ ನಾಜಲ್ ಬದಲಿಸಿ.

ಪ್ರಶ್ನೆ: ನಾವು ಕ್ಲಬ್ಬಿನ ಕ್ರಿಕೆಟ್ ಮೈದಾನ ನೋಡಿಕೊಳ್ಳುತ್ತೇವೆ. ಔಷಧಿಗಳನ್ನು ಸರದಿಯಲ್ಲಿ ಹೊಡೆಯಬೇಕೋ, ಬೆರೆಸಿ ಹೊಡೆಯಬೇಕೋ? ಅಜಾಕ್ಸಿಸ್ಟ್ರೋಬಿನ್ ಸರದಿಗೆ ಹಾಕಿಕೊಂಡೆವು, ಡಾಲರ್ ಸ್ಪಾಟ್ ಇನ್ನೂ ಜಾಸ್ತಿಯಾಯಿತು. (ಓದುಗರು, ಮೈಸೂರು)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಅಜಾಕ್ಸಿಸ್ಟ್ರೋಬಿನ್ ಡಾಲರ್ ಸ್ಪಾಟಿಗೆ ಮೊದಲಿನಿಂದಲೂ ಮದ್ದಲ್ಲ. ರೈಜಾಕ್ಟೋನಿಯಾ ಎಂಬ ಬೇರೆ ಶಿಲೀಂಧ್ರ ತರುವ ಕಂದು ಮಚ್ಚೆಗೆ ಅದು ಚೆನ್ನ, ಇದಕ್ಕೆ ಅಲ್ಲ. ಹಾಗಾಗಿ ನಿಮ್ಮಲ್ಲಿ ಸೋತದ್ದು ಆಯ್ಕೆ, ಇದನ್ನು ಒಗ್ಗಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ಸರದಿಗೆ ಸೇರಿಸುವ ಪ್ರತಿ ಔಷಧಿಗೂ ಆ ರೋಗದ ಮೇಲೆ ಸ್ವಂತ ಬಲವಿರಬೇಕು.

ಔಷಧಿಗಳ ಗುಂಪಿಗೆ ಎಫ್‌ಆರ್‌ಎಸಿ ಎಂಬ ಸಂಸ್ಥೆ ಕೊಟ್ಟ ಸಂಖ್ಯೆಗಳಿವೆ. ಕಾರ್ಬೆಂಡಜಿಮ್, ಥಯೋಫನೇಟ್ ಮೀಥೈಲ್ ಗುಂಪು 1. ‘ಕೊನಜೋಲ್’ ಎಂದು ಕೊನೆಯಾಗುವವು ಗುಂಪು 3. ಫ್ಲಕ್ಸಾಪೈರಾಕ್ಸಾಡ್ ಗುಂಪು 7. ‘ಸ್ಟ್ರೋಬಿನ್’ಗಳು ಗುಂಪು 11. ಮ್ಯಾಂಕೋಜೆಬ್, ಕ್ಲೋರೋಥಲೋನಿಲ್‌ಗಳ ಸಂಖ್ಯೆಯ ಮುಂದೆ ‘ಎಂ’ ಅಕ್ಷರವಿರುತ್ತದೆ: ಇವು ಶಿಲೀಂಧ್ರಕ್ಕೆ ಏಕಕಾಲಕ್ಕೆ ಹಲವು ಕಡೆ ಏಟು ಕೊಡುವುದರಿಂದ ಒಗ್ಗಿಕೊಳ್ಳುವುದು ಬಹಳ ಕಷ್ಟ. ಸ್ಟೋರಿನ ಗೋಡೆಗೆ ಈ ಪಟ್ಟಿ ಅಂಟಿಸಿ, ಸಿಂಪಡಣೆ ಪುಸ್ತಕದಲ್ಲಿ ಬ್ರ್ಯಾಂಡ್ ಹೆಸರಿನ ಪಕ್ಕ ಗುಂಪಿನ ಸಂಖ್ಯೆ ಬರೆಯುವ ರೂಢಿ ಮಾಡಿ. 3, 3, 3 ಎಂದು ಸಾಲು ಬಂದದ್ದು ಆಗ ಕಣ್ಣಿಗೆ ಹೊಡೆಯುತ್ತದೆ.

ಬೆರೆಸಬೇಕೋ ಸರದಿಯೋ ಎಂದರೆ, ಎರಡೂ. ಒಂದೇ ಕಡೆ ಏಟು ಕೊಡುವ ಔಷಧಿಯನ್ನು ಒಂಟಿಯಾಗಿ ಕಳಿಸಬೇಡಿ, ‘ಎಂ’ ಗುಂಪಿನ ಜತೆಗಾರನಿರಲಿ, ಇಬ್ಬರಿಗೂ ಪೂರ್ಣ ಪ್ರಮಾಣ ಇರಲಿ. ಬೆರೆಸುವುದೆಂದರೆ ಅರ್ಧರ್ಧ ಹಾಕುವುದು ಎಂದುಕೊಂಡವರೇ ಹೆಚ್ಚು. ಮೊದಲ ಸಲ ಬೆರೆಸುವಾಗ ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಕಲಸಿ ಅರ್ಧ ಗಂಟೆ ಇಟ್ಟು ನೋಡಿ; ಗಂಟು ಕಟ್ಟಿದರೆ, ಮೊಸರಿನಂತೆ ಒಡೆದರೆ ಟ್ಯಾಂಕಿಗೆ ಹಾಕಬೇಡಿ. ಗುಂಪು 7ಕ್ಕೂ ಡಾಲರ್ ಸ್ಪಾಟ್ ಒಗ್ಗಿಕೊಂಡ ಉದಾಹರಣೆಗಳಿವೆ, ವರ್ಷಕ್ಕೆ ಎರಡು ಸಲ ಸಾಕು. ಸಿಂಪಡಣೆ ರೋಗ ಹತ್ತಿಕೊಳ್ಳುವ ಮುನ್ನ ಶುರುವಾಗಬೇಕು. ಮೈದಾನವೆಲ್ಲ ಮಚ್ಚೆಯಾದ ಮೇಲೆ ಹೊಡೆದರೆ ಶಿಲೀಂಧ್ರದ ಸಂಖ್ಯೆ ದೊಡ್ಡದು, ತಡೆದುಕೊಳ್ಳುವ ತಳಿ ಅದರಲ್ಲಿರುವ ಸಾಧ್ಯತೆಯೂ ಅಷ್ಟೇ ದೊಡ್ಡದು.

ಒಂದು ಸಿಂಪಡಣೆ ಉಳಿಸಿದರೂ ಲಾಭವೇ. ಪಂದ್ಯದ ದಿನ ಬೌಂಡರಿಯ ಎರಡೂ ಕಡೆ ಹಿಡಿದು ಹಗ್ಗ ಎಳೆದು ಇಬ್ಬನಿ ಉದುರಿಸುತ್ತೀರಲ್ಲ, ಅದನ್ನು ರೋಗದ ಕಾಲದಲ್ಲಿ ದಿನಾ ಬೆಳಗ್ಗೆ ಮಾಡಿ. ಎಲೆ ಒದ್ದೆಯಿರುವ ಗಂಟೆಗಳು ಕಡಿಮೆಯಾದಷ್ಟೂ ರೋಗ ಕಡಿಮೆ. ನೀರನ್ನು ಸಂಜೆ ಬಿಡಬೇಡಿ, ನಸುಕಿನಲ್ಲಿ ಬಿಡಿ: ಇಬ್ಬನಿಯಿಂದ ಹೇಗೂ ಒದ್ದೆಯಾದ ಎಲೆಗೆ ಹೆಚ್ಚುವರಿ ಒದ್ದೆ ಗಂಟೆ ಸೇರುವುದಿಲ್ಲ. ಇನ್ನೊಂದು ಮಾತು. ಈ ಶಿಲೀಂಧ್ರ ಸಾಮಾನ್ಯವಾಗಿ ಬೀಜಕಣಗಳಿಂದ ಹರಡದು, ಅದರ ಎಳೆ ಹತ್ತಿದ ಹುಲ್ಲಿನ ತುಣುಕುಗಳೇ ವಾಹನ. ಔಷಧಿಗೆ ಬಗ್ಗದ ತಳಿಯೂ ಮೋವರ್‌ನ ಬ್ಲೇಡಿಗೆ ಅಂಟಿಕೊಂಡೇ ಪಕ್ಕದ ಮೈದಾನಕ್ಕೆ ಹೋಗುತ್ತದೆ. ರೋಗದ ಜಾಗವನ್ನು ಕೊನೆಗೆ ಕತ್ತರಿಸಿ, ಯಂತ್ರ ತೊಳೆದು ಒಣಗಿಸಿ.

ಪ್ರಶ್ನೆ: ಒಗ್ಗಿಕೆಯೋ, ಸಿಂಪಡಣೆಯಲ್ಲಿ ನಮ್ಮ ತಪ್ಪೋ, ತಿಳಿಯುವುದು ಹೇಗೆ? (ಓದುಗರು, ಹುಬ್ಬಳ್ಳಿ)

ಉತ್ತರ: ಸಿಂಪಡಿಸುವಾಗ 3 ಅಡಿ ಚೌಕದ ಪ್ಲೈವುಡ್ ಹಲಗೆಯನ್ನು ಎರಡು ಮೂರು ಕಡೆ ಹುಲ್ಲಿನ ಮೇಲಿಟ್ಟು, ಮುಗಿದ ಕೂಡಲೇ ಎತ್ತಿಬಿಡಿ. ಮೂಲೆಗಳಿಗೆ ಗುರುತಿನ ಮೊಳೆ ಹೊಡೆದಿರಲಿ. ಎರಡು ವಾರದ ನಂತರ ಔಷಧಿ ಬಿದ್ದ ಜಾಗಕ್ಕೂ ಹಲಗೆಯ ಜಾಗಕ್ಕೂ ಮಚ್ಚೆಗಳನ್ನು ಎಣಿಸಿ. ವ್ಯತ್ಯಾಸವೇ ಇಲ್ಲವೆಂದರೆ ಇಷ್ಟು ಕೇಳಿಕೊಳ್ಳಿ: ಹೊಡೆದ ಒಂದೆರಡು ಗಂಟೆಯಲ್ಲಿ ಮಳೆಯೋ ಸ್ಪ್ರಿಂಕ್ಲರೋ ತೊಳೆಯಿತೇ? ಅಂದೇ ಹುಲ್ಲು ಕತ್ತರಿಸಿ ಔಷಧಿಯನ್ನೂ ಹೊತ್ತೊಯ್ದರೇ? ಡಬ್ಬಿಯ ಅವಧಿ ಮುಗಿದಿತ್ತೇ? ರೋಗ ಪಿಥಿಯಂ ಆಗಿತ್ತೇ? ಬೆಳಗ್ಗೆ ಜಿಡ್ಡುಜಿಡ್ಡಾಗಿ ನೆಲಕ್ಕೊರಗಿದ, ನೀರು ಹರಿದ ದಾರಿಯಲ್ಲೇ ಸಾಲಾಗಿ ಬಿದ್ದ ಮಚ್ಚೆ ಪಿಥಿಯಂ ಇರಬಹುದು. ಅದು ನಿಜವಾದ ಶಿಲೀಂಧ್ರವೇ ಅಲ್ಲ, ಕಾರ್ಬೆಂಡಜಿಮ್, ಪ್ರೊಪಿಕೊನಜೋಲ್ ಅದನ್ನು ಮುಟ್ಟುವುದೂ ಇಲ್ಲ. ಅದಕ್ಕೆ ಮೆಟಾಲಾಕ್ಸಿಲ್ ಬೇಕು, ಮೆಟಾಲಾಕ್ಸಿಲ್‌ಗೂ ಬೇಗ ಒಗ್ಗಿಕೊಳ್ಳುವುದರಿಂದ ಮ್ಯಾಂಕೋಜೆಬ್ ಸೇರಿದ ರೂಪದಲ್ಲೇ ಕೊಳ್ಳಿ.

ಇದ್ಯಾವುದೂ ಅಲ್ಲವೆಂದರೆ ಮಾದರಿ ಕಳಿಸಿ. ಮಚ್ಚೆಯ ಅಂಚಿನಲ್ಲಿ, ಅರ್ಧ ರೋಗದ ಹುಲ್ಲು ಅರ್ಧ ಹಸಿರು ಬರುವಂತೆ, ಬೇರು ಮಣ್ಣು ಸಮೇತ ಅಂಗೈ ಅಗಲದ ತುಂಡು ತೆಗೆಯಿರಿ. ನೀರು ಹಾಕಬೇಡಿ. ನ್ಯೂಸ್ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆಂದು ಬೇರೆ ಬೂಷ್ಟು ಹತ್ತುತ್ತದೆ. ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರ ವಿಭಾಗವನ್ನು ಮೊದಲೇ ವಿಚಾರಿಸಿ, ಹೊಡೆದ ಔಷಧಿಗಳ ಪಟ್ಟಿಯನ್ನೂ ಜತೆಗಿಡಿ. ಔಷಧಿ ಬೆರೆಸಿದ ಅಗಾರ್ (ಶಿಲೀಂಧ್ರ ಬೆಳೆಸುವ ಲೋಳೆ) ತಟ್ಟೆಯ ಮೇಲೆ ಶಿಲೀಂಧ್ರ ಬೆಳೆಸಿ, ಬರೀ ಅಗಾರ್‌ನಲ್ಲಿ ಬೆಳೆದದ್ದಕ್ಕೆ ಹೋಲಿಸುವುದು ಇದರ ಪರೀಕ್ಷೆ.

ಪ್ರಶ್ನೆ: ಇಲ್ಲಿ ಮನೆ ಮುಂದೆ ರೈಗ್ರಾಸ್. ಪ್ರತಿ ಆಗಸ್ಟಿನಲ್ಲಿ ಎಲೆತುದಿ ತಿರುಚಿಕೊಂಡು ಬೂದು ಚುಕ್ಕೆಯಾಗಿ ಪೂರ್ತಿ ಹೋಗುತ್ತದೆ. ಅಜಾಕ್ಸಿಸ್ಟ್ರೋಬಿನ್ ಹರಳು ಎರಚಿದರೂ ಉಳಿಯುತ್ತಿಲ್ಲ. (ಓದುಗರು, ನ್ಯೂಜೆರ್ಸಿ)

ಉತ್ತರ: ವರ್ಣನೆ ನೋಡಿದರೆ ಬೂದು ಎಲೆಚುಕ್ಕೆ. ನಮ್ಮ ಭತ್ತದ ಬೆಂಕಿ ರೋಗ ತರುವ ಪೈರಿಕ್ಯುಲೇರಿಯಾ ಜಾತಿಯದ್ದೇ ಇನ್ನೊಂದು ತಳಿ. ಅಮೆರಿಕದ ರೈಗ್ರಾಸ್‌ನಲ್ಲಿ ಅದು ಗುಂಪು 11ಕ್ಕೆ ಒಗ್ಗಿಕೊಂಡು ಎರಡು ದಶಕ ದಾಟಿದೆ. ಇನ್ನೊಂದು ‘ಸ್ಟ್ರೋಬಿನ್’ ಕೊಂಡರೂ ಫಲ ಅಷ್ಟೇ. ಅಲ್ಲಿನ ಲೇಬಲ್ಲಿನಲ್ಲಿ ಗುಂಪಿನ ಸಂಖ್ಯೆ ಪೆಟ್ಟಿಗೆಯೊಳಗೆ ಅಚ್ಚಾಗಿರುತ್ತದೆ, ಕೊಳ್ಳುವ ಮುನ್ನ ನೋಡಿ. ಕ್ಲೋರೋಥಲೋನಿಲ್ ಅಲ್ಲಿ ಮನೆ ಹುಲ್ಲುಹಾಸಿಗೆ ಬಳಸುವಂತಿಲ್ಲ. ನಡುಬೇಸಿಗೆಯಲ್ಲಿ ಸಾರಜನಕ ನಿಲ್ಲಿಸಿ. ಸೆಪ್ಟೆಂಬರಿನಲ್ಲಿ ಸತ್ತ ಜಾಗಕ್ಕೆ ಮತ್ತೆ ಅದೇ ರೈಗ್ರಾಸ್ ಬಿತ್ತದೆ ಕೆಂಟಕಿ ಬ್ಲೂಗ್ರಾಸ್ ಬಿತ್ತಿ, ಅದಕ್ಕೆ ಈ ರೋಗದ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆಗೆ ರೈಗ್ರಾಸ್‌ಗಿಂತ ಹೆಚ್ಚು ದಿನ, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಮೇಲ್ಮಣ್ಣು ಒಣಗಬಾರದು.

ಪ್ರಶ್ನೆ: ಟ್ರೈಕೋಡರ್ಮಾವನ್ನು ಕಾರ್ಬೆಂಡಜಿಮ್ ಜತೆ ಒಂದೇ ಟ್ಯಾಂಕಿನಲ್ಲಿ ಹೊಡೆಯಬಹುದೇ? (ಓದುಗರು, ಶಿವಮೊಗ್ಗ)

ಉತ್ತರ: ಬೇಡ. ರೋಗಾಣುಗಳನ್ನು ಹತ್ತಿಕ್ಕುವ ಉಪಕಾರಿ ಟ್ರೈಕೋಡರ್ಮಾವೂ ಶಿಲೀಂಧ್ರವೇ, ಕಾರ್ಬೆಂಡಜಿಮ್‌ಗೆ ಅದೇ ಮೊದಲು ಸಾಯುತ್ತದೆ.