ಹಳೇ ಬ್ರಿಟಿಷ್ ಗಾಡಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅರವತ್ತರ ದಶಕದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಟ್ಟುಕೊಂಡಿದ್ದೇನೆ. ಊರೊಳಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ನಂದಿ ಬೆಟ್ಟ ಅರ್ಧ ಹತ್ತುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತದೆ. ಹೊರಡುವ ಮುಂಚೆ ಇಡೀ ಗಾಡಿಗೆ ಗ್ರೀಸ್ ಹೊಡೆಸಿ, ಮನೆ ಬೋರ್‌ವೆಲ್ ನೀರು ತುಂಬಿಸಿದ್ದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಗೂ ಬ್ಲಾಕಿಗೂ ಮಧ್ಯದ ಸೀಲ್) ಹೋಗಿದೆ, ಎಂಜಿನ್ ಇಳಿಸಬೇಕು ಅಂತಾರೆ ಮೆಕ್ಯಾನಿಕ್. ಇಳಿಸಿಬಿಡಲೇ? (ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಸದ್ಯಕ್ಕೆ ಬೇಡ. ಗ್ಯಾಸ್ಕೆಟ್ ಹೋಗಿದೆಯೋ ಇಲ್ಲವೋ ಅಂತ ನೋಡಲು ಐದು ನಿಮಿಷ ಸಾಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಬಾಯಿವರೆಗೂ ನೀರು ತುಂಬಿ, ಸ್ಟಾರ್ಟ್ ಮಾಡಿ. ಎಂಜಿನ್ ಕಾಯುವ ಮುಂಚೆಯೇ ಗುಳ್ಳೆ ಒಂದೇ ಸಮ ಏಳುತ್ತಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಏಳದಿದ್ದರೆ ಮೆಕ್ಯಾನಿಕ್‌ಗೆ ಟೀ ಕುಡಿಸಿ ಕಳಿಸಿ.

ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅನ್ನುವುದು ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆಲ್ಲ ಗೊತ್ತು. ಕಾಯಿಲ್ ಮೇಲೆ ಕಟ್ಟುವ ಆ ಬಿಳಿ ಸುಣ್ಣದ ಪದರವೇ ರೇಡಿಯೇಟರ್‌ನ ಸಣ್ಣ ಕೊಳವೆಗಳ ಒಳಗೂ ಕಟ್ಟುತ್ತದೆ. ಸಮತಟ್ಟು ರಸ್ತೆಯಲ್ಲಿ ಎದುರುಗಾಳಿಯೇ ಕಾಪಾಡುತ್ತದೆ. 1478 ಮೀಟರ್ ಎತ್ತರದ ಬೆಟ್ಟಕ್ಕೆ ಸೆಕೆಂಡ್ ಗೇರ್‌ನಲ್ಲಿ ಹತ್ತುವಾಗ ಎಂಜಿನ್‌ಗೆ ಭಾರ ಪೂರ್ತಿ, ಗಾಳಿ ಮಾತ್ರ ಕಮ್ಮಿ. ಅಲ್ಲಿ ಬಣ್ಣ ಬಯಲಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ರೇಡಿಯೇಟರ್ ಮುಖದ ಮೇಲೆ ಹುಷಾರಾಗಿ ಅಂಗೈ ಆಡಿಸಿ. ಸುತ್ತ ಸುಡುತ್ತಾ ಎಲ್ಲಾದರೂ ಒಂದು ಕಡೆ ತಣ್ಣಗಿದ್ದರೆ ಅಲ್ಲಿ ಕಟ್ಟಿದೆ.

ತೊಳೆಯುವುದು ಹೀಗೆ. ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೂ ನೀರನ್ನು ತಡೆಹಿಡಿಯುವ ಕವಾಟ) ತೆಗೆದಿಡಿ. ಒಳಗೆ ಹಿಡಿಯುವುದು ಸುಮಾರು 5 ಲೀಟರ್. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ 250 ಗ್ರಾಂ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿ ನೀರಲ್ಲಿ ಕರಗಿಸಿ ತುಂಬಿ, ಎಂಜಿನ್ ಅರ್ಧ ಗಂಟೆ ಐಡಲ್‌ನಲ್ಲಿ ಓಡಲಿ. ರಾತ್ರಿಯಿಡೀ ಬಿಡಬೇಡಿ. ನೀರು ಇಳಿಸುವಾಗ ರೇಡಿಯೇಟರ್ ಕೆಳಗಿನ ನಲ್ಲಿಯ ಜೊತೆಗೆ ಎಂಜಿನ್ ಬ್ಲಾಕ್‌ನ ನಲ್ಲಿಯನ್ನೂ ಬಿಚ್ಚಬೇಕು. ಬ್ಲಾಕ್ ನಲ್ಲಿಯಿಂದ ಏನೂ ಬರದಿದ್ದರೆ ಒಳಗೆ ತುಕ್ಕಿನ ಕೆಸರು ಕೂತಿದೆ ಅಂತ ಅರ್ಥ, ತಂತಿ ಹಾಕಿ ಕೆದಕಿ. ಒಂದು ಚಮಚ ಅಡಿಗೆ ಸೋಡಾ ಬೆರೆಸಿದ ನೀರಲ್ಲಿ ಒಮ್ಮೆ, ಬರೀ ನೀರಲ್ಲಿ ಎರಡು ಸಲ ತೊಳೆಯಿರಿ. ಕೆಲವು ರೇಡಿಯೇಟರ್‌ಗಳು ಸುಣ್ಣದ ಪುಣ್ಯದಿಂದಲೇ ಸೋರದೆ ನಿಂತಿರುತ್ತವೆ, ತೊಳೆದ ಮೇಲೆ ಸೋರಿದರೆ ಬೆಸುಗೆ ಹಾಕಿಸಲೇಬೇಕು.

ಆಮೇಲೆ ತುಂಬಬೇಕಾದ್ದು ಡಿಸ್ಟಿಲ್ಡ್ ನೀರು, ಅಂದರೆ ಅಂಗಡಿಯ ಬ್ಯಾಟರಿ ನೀರು. ಅದಕ್ಕೆ ಮೂರನೇ ಒಂದು ಭಾಗ ಹಳೇ ಮಾದರಿಯ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಸೇರಿಸಿ. ದಾರಿಯಲ್ಲಿ ಕಮ್ಮಿಯಾದರೆ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ನಡೆಯುತ್ತದೆ. ಥರ್ಮೋಸ್ಟಾಟ್ ಬಿಸಾಡುವುದು ಇಲ್ಲಿನ ಗ್ಯಾರೇಜುಗಳ ಹಳೇ ಚಾಳಿ. ಹಾಗೆ ಮಾಡಿದರೆ ಚಳಿಗಾಲದಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಆಯಿಲ್ ಕೆಸರಾಗುತ್ತದೆ. ಪಾತ್ರೆಯಲ್ಲಿ ಕುದಿಸಿ ನೋಡಿ, ಬಾಯಿ ತೆರೆದರೆ ವಾಪಸ್ ಹಾಕಿ. ಇಷ್ಟೆಲ್ಲ ಮಾಡಿಯೂ ಕುದಿದರೆ ಇಗ್ನಿಷನ್ ಟೈಮಿಂಗ್ ನೋಡಿಸಿ. ಕಿಡಿ ತಡವಾಗಿ ಬಿದ್ದರೂ ಎಂಜಿನ್ ಕಾಯುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ಹೆದರಿಕೆ ಹುಟ್ಟಿಸಿದ್ದು ಕುದಿಯುವ ನೀರಲ್ಲ, ‘ಇಡೀ ಗಾಡಿಗೆ ಗ್ರೀಸ್’ ಅನ್ನುವ ಮಾತು. ಹೆರಾಲ್ಡ್‌ನ ಮುಂದಿನ ಚಕ್ರದ ಕೆಳಗೆ ಹಿತ್ತಾಳೆಯ ಟ್ರನಿಯನ್ ಇದೆ. ಸ್ಟಿಯರಿಂಗ್ ತಿರುಗಿಸಿದಾಗೆಲ್ಲ ಚಕ್ರ ಹಿಡಿದಿರುವ ಉಕ್ಕಿನ ಕಂಬ ಇದರೊಳಗೆ ಸ್ಕ್ರೂ ಹಾಗೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದ್ದು 90 ನಂಬರ್ ಗೇರ್ ಆಯಿಲ್. ಗ್ರೀಸ್ ಹೊಡೆದರೆ ಅದು ಕೆಳಗಿನ ಥ್ರೆಡ್‌ವರೆಗೆ ಇಳಿಯುವುದಿಲ್ಲ, ಒಣಗಿ ಕೂರುತ್ತದೆ, ಮಳೆ ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ಮುರಿದು ಚಕ್ರ ಗಾಡಿಯ ಅಡಿಗೆ ಮಡಚಿಕೊಳ್ಳುತ್ತದೆ. ಬೆಟ್ಟದ ತಿರುವಲ್ಲಿ ಹಾಗಾದರೆ ಏನು ಗತಿ ಅಂತ ಹೇಳಬೇಕಿಲ್ಲ. ಎರಡೂ ಟ್ರನಿಯನ್ ಬಿಚ್ಚಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಉಕ್ಕಿನ ಥ್ರೆಡ್ ಮೇಲೆ ತುಕ್ಕಿನ ಗುಳಿ ಇದ್ದರೆ ಆ ಕಂಬವನ್ನೇ ಬದಲಾಯಿಸಿ. ಎಡಗಡೆಯದನ್ನು ಬಲಕ್ಕೆ ಹಾಕಲು ಬರುವುದಿಲ್ಲ, ಥ್ರೆಡ್ ದಿಕ್ಕು ಬೇರೆ. ಒಂದು ಗ್ರೀಸ್ ಗನ್ ಅನ್ನು ಆಯಿಲ್ ತುಂಬಿ ಇದಕ್ಕೆಂದೇ ಎತ್ತಿಡಿ. ಚಕ್ರ ಜಾಕ್ ಮೇಲಿರುವಾಗ ಮೇಲಿನ ಸೀಲ್‌ನಲ್ಲಿ ಆಯಿಲ್ ಇಣುಕುವವರೆಗೂ ಒತ್ತಿ. ಆರು ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಮೇಲಂತೂ ತಪ್ಪದೆ ಮಾಡಿ.

ಪ್ರಶ್ನೆ: ಎರಡನೇ ಮಹಾಯುದ್ಧ ಕಾಲದ ಬಿಎಸ್‌ಎ ಎಂ20 ಬೈಕ್ ಇದೆ. ತಣ್ಣಗಿದ್ದಾಗ ಎರಡೇ ಕಿಕ್ಕಿಗೆ ಸ್ಟಾರ್ಟ್. ತಿಪಟೂರಿಂದ ಹೊರಟರೆ ಇಪ್ಪತ್ತು ನಿಮಿಷಕ್ಕೆ ನಿಂತುಹೋಗುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. ಕಾರ್ಬೊರೇಟರ್ ಮೂರು ಸಲ ಬಿಚ್ಚಿ ತೊಳೆಸಿದ್ದಾಯಿತು.

ಉತ್ತರ: ನಾಲ್ಕನೇ ಸಲ ಬಿಚ್ಚಿಸಬೇಡಿ. ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಳಿ ಎಳೆದ ಸದ್ದು ಬಂದು ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ, ಕೆಲಸ ಮುಗಿಯಿತು. ಆಗದಿದ್ದರೆ ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಪೆಟ್ರೋಲ್‌ನಿಂದ ದೂರದಲ್ಲಿ ಎಂಜಿನ್‌ಗೆ ತಾಗಿಸಿ ಕಿಕ್ ಮಾಡಿ. ಕಿಡಿ ಇಲ್ಲ ಅಥವಾ ಕೆಂಪಗೆ ಸೊರಗಿದೆ ಅಂದರೆ ತಪ್ಪು ಮ್ಯಾಗ್ನೆಟೋದಲ್ಲಿ, ಅಂದರೆ ಬ್ಯಾಟರಿ ಇಲ್ಲದೆ ಕಿಡಿಗೆ ಕರೆಂಟ್ ಹುಟ್ಟಿಸುವ ಯಂತ್ರದಲ್ಲಿ.

ಹಳೇ ಲೂಕಾಸ್ ಮ್ಯಾಗ್ನೆಟೋದ ಕಂಡೆನ್ಸರ್ (ಕರೆಂಟ್ ಹಿಡಿದಿಡುವ ಬಿಡಿಭಾಗ) ಆರ್ಮೇಚರ್, ಅಂದರೆ ತಂತಿ ಸುತ್ತಿದ ತಿರುಗುವ ಭಾಗದ ಒಳಗೇ ಇರುತ್ತದೆ. ವಯಸ್ಸಾದ ಮೇಲೆ ಬಿಸಿಯಾದಾಗ ಅದರೊಳಗಿಂದ ಕರೆಂಟ್ ಸೋರುತ್ತದೆ, ತಣ್ಣಗಾದಾಗ ಸರಿಹೋಗುತ್ತದೆ. ನಿಮ್ಮ ಇಪ್ಪತ್ತು ನಿಮಿಷದ ಲೆಕ್ಕ ಇದೇ. ಪಾಯಿಂಟ್ (ಕರೆಂಟ್ ಕೂಡಿಸಿ ಕಡಿಯುವ ಎರಡು ತುದಿ) ಮಧ್ಯೆ ನೀಲಿ ಕಿಡಿ ಜೋರಾಗಿ ಹಾರುತ್ತಾ, ಪ್ಲಗ್‌ನಲ್ಲಿ ಸೊರಗಿದ್ದರೆ ಇನ್ನೂ ಖಾತ್ರಿ. ಆರ್ಮೇಚರ್ ರಿಪೇರಿಗೆ ಕೊಡುವ ಮುಂಚೆ ಖರ್ಚಿಲ್ಲದ ಮೂರು ಕೆಲಸ ಮಾಡಿ ನೋಡಿ. ಪಾಯಿಂಟ್ ಗ್ಯಾಪ್ ಫೀಲರ್ ಗೇಜ್‌ನಲ್ಲಿ 0.30 ಮಿ.ಮೀ., ಪ್ಲಗ್ ಗ್ಯಾಪ್ 0.45ರಿಂದ 0.50 ಮಿ.ಮೀ. ಇಡಿ. ಕಾರ್ಬನ್ ಬ್ರಷ್ ಹೋಲ್ಡರ್ ಬಿಚ್ಚಿ, ಆ ತೂತಿನ ಮೂಲಕ ಪೆಟ್ರೋಲ್ ಬಟ್ಟೆಯಿಂದ ಸ್ಲಿಪ್ ರಿಂಗ್ ಒರೆಸಿ, ಅಲ್ಲಿನ ಕಪ್ಪು ಪುಡಿಯೂ ಕರೆಂಟ್ ಕದಿಯುತ್ತದೆ. ಮೂರನೆಯದು, ಪ್ಲಗ್ ವೈರ್ ತಾಮ್ರದ ಎಳೆಯದ್ದೇ ಇರಲಿ. ಇದಕ್ಕೂ ಬಗ್ಗದಿದ್ದರೆ ಆರ್ಮೇಚರ್ ರೀವೈಂಡ್ ಮಾಡಿಸಿ. ಆಗ ಹೊಸ ಕಂಡೆನ್ಸರನ್ನೂ ಹಾಕಲು ಬಾಯಿಬಿಟ್ಟು ಹೇಳಿ. ಹಳೇದನ್ನೇ ಒಳಗೆ ಬಿಟ್ಟು ಹೊಸ ತಂತಿ ಸುತ್ತಿದರೆ ದುಡ್ಡು ಹೊಳೆಗೆ.

ಪ್ರಶ್ನೆ: ರಾಬರ್ಟ್‌ಸನ್‌ಪೇಟೆಯಲ್ಲಿ ತಾತನ 1950ರ ದಶಕದ ಬೈಕ್ ಇದೆ. ಯಾವ ಪಾನ (ಸ್ಪ್ಯಾನರ್) ಹಾಕಿದರೂ ನಟ್ ಮೂಲೆ ಸವೆಯುತ್ತಿದೆ. ಆರ್‌ಸಿ ಕೂಡ ಮುಗಿದಿದೆ.

ಉತ್ತರ: ಅವು ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯ ನಟ್. ಕಾಲಿಂಚು ವಿಟ್‌ವರ್ತ್ ಪಾನದ ಬಾಯಿ 13.3 ಮಿ.ಮೀ. ಇರುವುದರಿಂದ 13 ಹೋಗುವುದಿಲ್ಲ, 14 ಜಾರುತ್ತದೆ. ಐದು ಹದಿನಾರಿಂಚಿನದು 15.2 ಮಿ.ಮೀ. ಪಾನದ ಮೇಲಿನ ಅಂಕಿ ಬೋಲ್ಟ್‌ನ ದಪ್ಪವೇ ಹೊರತು ಬಾಯಿಯ ಅಗಲವಲ್ಲ, ಗೊಂದಲ ಶುರುವಾಗುವುದೇ ಅಲ್ಲಿ. ಗುಜರಿ ಅಂಗಡಿಯಲ್ಲಿ ಡಬ್ಲ್ಯು ಅಥವಾ ಬಿಎಸ್ ಅಕ್ಷರ ಇರುವ ರಿಂಗ್ ಪಾನ ಹುಡುಕಿ. ಅಡ್ಜಸ್ಟಬಲ್ ಪಾನ ಮುಟ್ಟಬೇಡಿ.

ಆರ್‌ಸಿ ವಿಚಾರಕ್ಕೆ 2021ರ ಕೇಂದ್ರ ನಿಯಮ ಇದೆ: 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಖಾಸಗಿ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸದಾಗಿ ನೋಂದಾಯಿಸಲು ₹20,000, ನವೀಕರಣಕ್ಕೆ ₹5,000, ಅವಧಿ 10 ವರ್ಷ. ಹೊಸ ನೋಂದಣಿಗೆ ‘ವಿಎ’ ಸರಣಿಯ ಸಂಖ್ಯೆ ಕೊಡುತ್ತಾರೆ, ಮೊದಲೇ ನೋಂದಣಿಯಾದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಅಷ್ಟಕ್ಕೇ ರಸ್ತೆಗಿಳಿಸಬಹುದು. ತಾತನ ಬೈಕಲ್ಲೇ ದಿನಾ ಕೆಲಸಕ್ಕೆ ಹೋಗುವ ಆಸೆ ಇದ್ದರೆ ವಿಂಟೇಜ್ ತಂಟೆಗೆ ಹೋಗದೆ, ಮಾಮೂಲಿ ಮರುನೋಂದಣಿ ಸಾಧ್ಯವೇ ಅಂತ ಮೊದಲು ಆರ್‌ಟಿಒದಲ್ಲಿ ಕೇಳಿ.